ಚಿಪ್ಪು ಅಣಬೆಯ 66 ಜೋಡಿಗಳು

ಚಿಪ್ಪು ಅಣಬೆಯ ಹೊಸ ತಳಿ ಬೆಳೆಸಲು ಹೊರಟ ನಾನು ಮೊದಲು ಎಡವಿದ್ದು ಅವಸರದಿಂದ. ಒಂಟಿ ಬೀಜಕಗಳಿಂದ ಬೆಳೆದ ಎಳೆಗಳನ್ನು ನಾನೇ ಆರಿಸಿ ಜೋಡಿಸಬೇಕಿತ್ತು. ಅದಕ್ಕಾಗಿ ಅಣಬೆಯ ಬೀಜಕಗಳನ್ನು, ಅಂದರೆ ಬೀಜದಂಥ ಸೂಕ್ಷ್ಮ ಕಣಗಳನ್ನು, ಶುದ್ಧೀಕರಿಸಿದ ನೀರಿನಲ್ಲಿ ಕದಡಿ, ಹಂತಹಂತವಾಗಿ ತೆಳುಗೊಳಿಸಿ, ಮಾಲ್ಟ್ ಅಗರ್ ಎಂಬ ಪೋಷಕ ಜೆಲ್ಲಿಯ ಮೇಲೆ ಹರಡಿದೆ. ಕೆಲವೇ ದಿನಗಳಲ್ಲಿ ಬಿಳಿ ಚುಕ್ಕೆಗಳು ಮೂಡಿದವು. ಚುರುಕಾಗಿ ಹಬ್ಬಿದವನ್ನೇ ಆರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಎಲ್ಲದರಲ್ಲೂ ಕ್ಲಾಂಪ್! ಪಕ್ಕಪಕ್ಕ ಮೊಳೆತ ಬೀಜಕಗಳು ನನಗಿಂತ ಮೊದಲೇ ಕೂಡಿಕೊಂಡುಬಿಟ್ಟಿದ್ದವು.

ಕ್ಲಾಂಪ್ ಎಂದರೆ ಅಣಬೆಯ ದಾರದಂಥ ಎಳೆಯಲ್ಲಿ, ಕೋಶಗಳ ನಡುವಿನ ಅಡ್ಡಗೋಡೆಯ ಬಳಿ ಲೋಟದ ಹಿಡಿಯಂತೆ ಹೊರಬಾಗಿದ ಪುಟ್ಟ ಕೊಕ್ಕೆ. ಕೂಡಿದ ಎಳೆಯ ಪ್ರತಿ ಕೋಶದಲ್ಲೂ ಎರಡು ಕಡೆಯ ನ್ಯೂಕ್ಲಿಯಸ್‌ಗಳು ಬೆರೆಯದೆ ಜೊತೆಯಲ್ಲೇ ಇರುತ್ತವೆ. ಕೋಶ ಎರಡಾಗಿ ವಿಭಜನೆಯಾದಾಗಲೆಲ್ಲ ಎರಡೂ ಬಗೆಯವು ಎರಡೂ ಕೋಶಗಳಿಗೆ ಸೇರುವುದು ಈ ಕೊಕ್ಕೆಯ ಮೂಲಕ. 400 ಪಟ್ಟು ಹಿಗ್ಗಿಸಿದರೆ ಸ್ಪಷ್ಟವಾಗಿ ಕಾಣುತ್ತದೆ.

ಎರಡನೆಯ ಸಲ ಇನ್ನಷ್ಟು ತೆಳುಗೊಳಿಸಿ, ಚುಕ್ಕೆಗಳು ಕಣ್ಣಿಗೆ ಬೀಳುವಷ್ಟರಲ್ಲೇ ಎತ್ತಿಕೊಂಡೆ. ಕ್ಲಾಂಪ್ ಇಲ್ಲದ, ನಿಧಾನವಾಗಿ ಬೆಳೆಯುವ 12 ಒಂಟಿ ಬೀಜಕದ ಎಳೆಗಳು ಸಿಕ್ಕವು. ಒಂದೊಂದನ್ನೂ ಉಳಿದೆಲ್ಲವುಗಳ ಜೊತೆ ಎದುರುಬದುರು ಇಟ್ಟೆ: 66 ಜೋಡಿ. ಕೂಡಿದ್ದು 17, ಹೆಚ್ಚುಕಡಿಮೆ ಕಾಲು ಭಾಗ. ಚಿಪ್ಪು ಅಣಬೆಯಲ್ಲಿ ಜೋಡಿಯನ್ನು ನಿರ್ಧರಿಸುವುದು ಎ ಮತ್ತು ಬಿ ಎಂಬ ಎರಡು ವಂಶವಾಹಿ ನೆಲೆಗಳು. ಎರಡೂ ಬೇರೆಬೇರೆಯಾಗಿದ್ದರೆ ಮಾತ್ರ ಕೂಡಿಕೆ ಪೂರ್ಣ. ಎ ಬೇರೆಯಿದ್ದು ಬಿ ಒಂದೇ ಆಗಿದ್ದರೆ ಕೊಕ್ಕೆ ಹುಟ್ಟುತ್ತದೆ, ಆದರೆ ಪಕ್ಕದ ಕೋಶಕ್ಕೆ ಬೆಸೆಯದೆ ನಿಂತುಬಿಡುತ್ತದೆ. ಅಂಥ ಎರಡು ಜೋಡಿಗಳನ್ನು ಮೊದಲು ಕೂಡಿದವೆಂದೇ ಬರೆದುಕೊಂಡಿದ್ದೆ, ಮರುದಿನ ಮತ್ತೆ ನೋಡಿ ಹೊಡೆದುಹಾಕಿದೆ. ಕೊಕ್ಕೆ ಕಂಡರೆ ಸಾಲದು, ಅದರ ತುದಿ ಎಲ್ಲಿ ಮುಟ್ಟಿದೆ ಎಂದು ನೋಡಬೇಕು.

ಒಂದೇ ಅಣಬೆಯ ಬೀಜಕಗಳಾದ್ದರಿಂದ ಈ ಕಾಲು ಭಾಗದ ಮಿತಿ. ದೂರದ ತಳಿಗಳಾದರೆ ಬಹುಪಾಲು ಜೋಡಿಗಳು ಕೂಡುತ್ತವೆ, ಏಕೆಂದರೆ ಈ ನೆಲೆಗಳಿಗೆ ಅನೇಕ ರೂಪಗಳಿವೆ. ಸ್ಕಿಜೋಫಿಲ್ಲಮ್ ಕಮ್ಯೂನ್ ಎಂಬ ಅಣಬೆಯಲ್ಲಂತೂ 20,000ಕ್ಕೂ ಹೆಚ್ಚು ಕೂಡುವ ಬಗೆಗಳಿವೆ! ಮುಂದೆ ನಾನು ಬೇರೆ ತಳಿಯ ಎಳೆಗಳನ್ನೇ ತಂದು ಕೂಡಿಸಿದೆ.

ಆದರೆ ಕೂಡಿಸಿದ ಮಾತ್ರಕ್ಕೆ ಗುಣಗಳು ಕಲಸಿಹೋಗುವುದಿಲ್ಲ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಮಿಶ್ರತಳಿಯ ಎಳೆಯಲ್ಲಿ ಎರಡೂ ನ್ಯೂಕ್ಲಿಯಸ್‌ಗಳು ಇನ್ನೂ ಇಡಿಯಾಗಿಯೇ ಇರುತ್ತವೆ. ಅವು ಒಂದಾಗುವುದು ಅಣಬೆ ಅರಳಿದ ಮೇಲೆ, ಟೋಪಿಯ ಕೆಳಗಿನ ಪದರಗಳ ಮೇಲಿರುವ, ಬೀಜಕ ಹುಟ್ಟಿಸುವ ಬೆಸಿಡಿಯಂ ಎಂಬ ಕೋಶದಲ್ಲಿ. ಅಲ್ಲಿ ವರ್ಣತಂತುಗಳು ತುಂಡುಗಳನ್ನು ಬದಲಾಯಿಸಿಕೊಂಡು, ಅವುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ವಿಭಜನೆ ಮುಗಿದು, ನಾಲ್ಕು ಬೀಜಕಗಳಾಗುತ್ತವೆ. ಹೊಸ ಬೆರಕೆ ಇರುವುದು ಆ ಬೀಜಕಗಳಲ್ಲಿ. ಹಾಗಾಗಿ ಮಿಶ್ರತಳಿಯ ಮೊದಲ ಅಣಬೆಯ ಟೋಪಿಯನ್ನು ಹಾಳೆಯ ಮೇಲೆ ಬೋರಲು ಹಾಕಿ, ಉದುರಿದ ಬೀಜಕಗಳನ್ನು ಮತ್ತೆ ಅಗರ್ ಮೇಲೆ ಹರಡಿದ್ದೇನೆ. ಈ ಸಲ ನಿಧಾನವಾಗಿ ಬೆಳೆಯುವವಕ್ಕಾಗಿ ಕಾಯುತ್ತಿದ್ದೇನೆ.