ಗೂಗಲ್ ಫಾರ್ಮ್ ತೆರೆಯುವ ಮೊದಲು: ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಥೀಸಿಸ್‌ಗೆ ವಿಧಾನ ಆರಿಸುವುದು ಹೇಗೆ

ಎಂ.ಟೆಕ್ ಪ್ರಾಜೆಕ್ಟ್ ಸೆಮಿಸ್ಟರ್ ಬಂತು ಅಂದ ಕೂಡಲೇ ಜಾಸ್ತಿ ಜನ ಮಾಡುವ ಮೊದಲ ಕೆಲಸ ಗೂಗಲ್ ಫಾರ್ಮ್ ತೆರೆಯುವುದು. ವಿಷಯವೂ ಹೆಚ್ಚುಕಡಿಮೆ ಅದೇ, ಕಟ್ಟಡದ ಕೆಲಸ ತಡವಾಗಲು ಕಾರಣಗಳು. ಹಳೇ ಪೇಪರ್‌ಗಳಿಂದ ಒಂದಷ್ಟು ಕಾರಣ ಎತ್ತಿಕೊಂಡು, 1ರಿಂದ 5ರವರೆಗೆ ಅಂಕ ಕೊಡಿ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿ, ಬಂದ ಉತ್ತರಗಳಿಗೆ ಆರ್‌ಐಐ (ರಿಲೇಟಿವ್ ಇಂಪಾರ್ಟೆನ್ಸ್ ಇಂಡೆಕ್ಸ್, ಅಂದರೆ ಬಂದ ಅಂಕಗಳ ಮೊತ್ತವನ್ನು ಗರಿಷ್ಠ ಅಂಕದಿಂದ ಭಾಗಿಸಿದ್ದು) ಲೆಕ್ಕ ಹಾಕಿ ರ‍್ಯಾಂಕ್ ಕೊಟ್ಟರೆ ಮುಗೀತು. ವಿಧಾನ ಮೊದಲು, ಪ್ರಶ್ನೆ ಆಮೇಲೆ. ಇದನ್ನು ತಿರುಗಿಸಬೇಕು.

ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಇದರ ಉತ್ತರ ಎಲ್ಲಿ ಸಿಗುತ್ತದೆ ಅಂತ ನೋಡಿ. ಜನರ ಮನಸ್ಸಿನಲ್ಲಾ, ದಾಖಲೆಯಲ್ಲಾ, ಸೈಟಿನಲ್ಲಾ? ಉತ್ತರ ಇರುವ ಜಾಗವೇ ವಿಧಾನವನ್ನು ಹೇಳಿಬಿಡುತ್ತದೆ.

ಸರ್ವೆ ಯಾವಾಗ ಸರಿ? ಜನ ಏನಂದುಕೊಂಡಿದ್ದಾರೆ ಅನ್ನುವುದೇ ನಿಮ್ಮ ಪ್ರಶ್ನೆ ಆಗಿದ್ದಾಗ. ಉದಾಹರಣೆಗೆ, ಸೈಟ್ ಎಂಜಿನಿಯರುಗಳು ಬಿಐಎಂ (ಕಟ್ಟಡದ ಡಿಜಿಟಲ್ ಮಾದರಿ ಮಾಡುವ ಪದ್ಧತಿ) ಬಳಸಲು ಯಾಕೆ ಹಿಂದೇಟು ಹಾಕುತ್ತಾರೆ ಅನ್ನುವುದಕ್ಕೆ ಸರ್ವೆ ಹೊಂದುತ್ತದೆ. 'ಕೆಲಸ ನಿಜಕ್ಕೂ ಯಾಕೆ ತಡವಾಯಿತು' ಅನ್ನುವುದಕ್ಕೆ ಹೊಂದುವುದಿಲ್ಲ. ಕಂಟ್ರಾಕ್ಟರನ್ನು ಕೇಳಿದರೆ ಬಿಲ್ ಪಾಸಾಗಲಿಲ್ಲ ಅನ್ನುತ್ತಾರೆ, ಮಾಲೀಕರನ್ನು ಕೇಳಿದರೆ ಕಂಟ್ರಾಕ್ಟರ್ ಲೇಬರ್ ಹಾಕಲಿಲ್ಲ ಅನ್ನುತ್ತಾರೆ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಯಾರ ಅಭಿಪ್ರಾಯವೂ ಉಳಿಯುವುದಿಲ್ಲ. ಗುಂಪು ಗುಂಪಾಗಿ ಬೇರೆ ಲೆಕ್ಕ ಹಾಕಿ, ಎರಡು ರ‍್ಯಾಂಕ್‌ಗಳು ಎಷ್ಟು ಹೊಂದುತ್ತವೆ ಅಂತ ಸ್ಪಿಯರ್‌ಮನ್ ಪರೀಕ್ಷೆಯಲ್ಲಿ (ಎರಡು ರ‍್ಯಾಂಕ್ ಪಟ್ಟಿಗಳನ್ನು ಹೋಲಿಸುವ ಸಂಖ್ಯಾಶಾಸ್ತ್ರದ ಲೆಕ್ಕ) ನೋಡಿ.

ರ‍್ಯಾಂಕ್ ಎಷ್ಟು ಗಟ್ಟಿ ಅಂತಲೂ ಒಮ್ಮೆ ಕೈಲೆಕ್ಕ ಮಾಡಿ ನೋಡಿ. 40 ಜನ ಉತ್ತರ ಕೊಟ್ಟಿದ್ದಾರೆ ಅಂದುಕೊಳ್ಳಿ. ಒಂದು ಕಾರಣಕ್ಕೆ 10 ಜನ ಐದು, 14 ಜನ ನಾಲ್ಕು, 9 ಜನ ಮೂರು, 5 ಜನ ಎರಡು, 2 ಜನ ಒಂದು ಅಂಕ ಕೊಟ್ಟರು. ಮೊತ್ತ 145. ಅದನ್ನು ಗರಿಷ್ಠ 200ರಿಂದ (40 ಜನ × 5 ಅಂಕ) ಭಾಗಿಸಿದರೆ ಆರ್‌ಐಐ 0.725. ಇನ್ನೊಂದು ಕಾರಣದ ಮೊತ್ತ 142, ಅಂದರೆ 0.71. ಥೀಸಿಸ್‌ನಲ್ಲಿ ಇವು ಮೊದಲನೇ, ಎರಡನೇ ಸ್ಥಾನ ಆಗಿ ಕೂರುತ್ತವೆ. ಆದರೆ ಬರೀ ನಾಲ್ಕು ಜನ ಒಂದೊಂದು ಅಂಕ ಕಡಿಮೆ ಕೊಟ್ಟಿದ್ದರೆ ಸ್ಥಾನ ಅದಲುಬದಲು! ಇಂಥ ರ‍್ಯಾಂಕ್ ಮೇಲೆ ಶಿಫಾರಸು ಬರೆಯುವುದು ಸರಿಯಲ್ಲ. ಇನ್ನು ಸರ್ವೆಗೆ ಇಷ್ಟು ಉತ್ತರ ಸಾಕು ಅಂತ ಥೀಸಿಸ್‌ಗಳಲ್ಲಿ ಬರೆಯುವ ಆ 384 ಅಥವಾ 385 ಅನ್ನುವ ಸ್ಯಾಂಪಲ್ ಸಂಖ್ಯೆ, ಅದು ಯಾದೃಚ್ಛಿಕವಾಗಿ ಆರಿಸಿದ ಸ್ಯಾಂಪಲ್‌ಗೆ ಮಾಡಿದ ಲೆಕ್ಕ. ಪರಿಚಯದವರ ಗ್ರೂಪಿನಿಂದ ಅಷ್ಟು ಉತ್ತರ ತಂದರೂ ಅದಕ್ಕೆ ಆ ಅರ್ಥ ಬರುವುದಿಲ್ಲ.

ತಡ ಎಷ್ಟು, ಖರ್ಚು ಎಷ್ಟು ಏರಿತು ಅನ್ನುವ ಪ್ರಶ್ನೆ ಇದ್ದರೆ ದಾಖಲೆಗೆ ಹೋಗಿ. ಇದರಲ್ಲಿ ನಮ್ಮವರು ಕೈ ಹಾಕದೇ ಬಿಟ್ಟಿರುವುದು ಬಹಳ ಇದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಬಿಲ್ಡರ್‌ಗಳು ಪ್ರಾಜೆಕ್ಟಿನ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ರೇರಾ ವೆಬ್‌ಸೈಟಿನಲ್ಲಿ ಹಾಕಬೇಕು, ಮುಗಿಸುವ ದಿನಾಂಕವನ್ನೂ ಮೊದಲೇ ಘೋಷಿಸಬೇಕು. 150 ಕೋಟಿ ಮತ್ತು ಅದಕ್ಕಿಂತ ದೊಡ್ಡ ಕೇಂದ್ರ ಯೋಜನೆಗಳ ಮೂಲ ವೆಚ್ಚ, ಈಗಿನ ಅಂದಾಜು, ತಡ ಎಲ್ಲವೂ ಕೇಂದ್ರ ಅಂಕಿಅಂಶ ಸಚಿವಾಲಯದ ವರದಿಗಳಲ್ಲಿ ಸಿಗುತ್ತವೆ. ಸಿಎಜಿ (ಸರ್ಕಾರಿ ಲೆಕ್ಕಪರಿಶೋಧಕರ) ವರದಿಗಳಂತೂ ಇದ್ದೇ ಇವೆ.

ಹಾಗಂತ ದಾಖಲೆ ಹೇಳಿದ್ದೆಲ್ಲಾ ನಿಜ ಅಂತಲ್ಲ. ಎಷ್ಟು ತಡ ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ, ಯಾಕೆ ತಡ ಅನ್ನುವುದನ್ನು ಯಾರಿಗೂ ತೊಂದರೆ ಆಗದ ಹಾಗೆ ಹೇಳುತ್ತದೆ. ಹಿಂಡ್ರೆನ್ಸ್ ರಿಜಿಸ್ಟರ್ (ಸೈಟಿನಲ್ಲಿ ಕೆಲಸಕ್ಕೆ ಬಂದ ಅಡ್ಡಿಗಳನ್ನು ಬರೆದಿಡುವ ಪುಸ್ತಕ) ತೆಗೆದರೆ 'ಮಳೆ' ಅಂತ ಬರೆದಿರುತ್ತದೆ, ಯಾಕೆಂದರೆ ಮಳೆಗೆ ಯಾರೂ ನೋಟಿಸ್ ಕೊಡುವುದಿಲ್ಲ. ಆ ದಿನ ನಿಜಕ್ಕೂ ಮಳೆ ಬಂದಿತ್ತಾ? ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಗಳ ಪಕ್ಕ ಆ ತಾರೀಖು ಇಟ್ಟು ನೋಡಿ. ಜೊತೆಗೆ ಆರ್‌.ಎ. ಬಿಲ್ (ಕೆಲಸ ನಡೆಯುತ್ತಿರುವಾಗಲೇ ಆದಷ್ಟು ಕೆಲಸಕ್ಕೆ ಕಂಟ್ರಾಕ್ಟರ್ ಕೊಡುವ ಬಿಲ್) ಕೊಟ್ಟ ದಿನ, ದುಡ್ಡು ಬಂದ ದಿನ, ಡ್ರಾಯಿಂಗ್ ಕೈಗೆ ಸಿಕ್ಕ ದಿನ ಇವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ಸೈಟನ್ನು ಇಷ್ಟು ಆಳವಾಗಿ ನೋಡುವುದಕ್ಕೆ ಕೇಸ್ ಸ್ಟಡಿ ಅನ್ನುತ್ತಾರೆ, ಮತ್ತು ನನ್ನ ಪ್ರಕಾರ 'ಯಾಕೆ' ಅನ್ನುವ ಪ್ರಶ್ನೆಗೆ ನೂರು ಗೂಗಲ್ ಫಾರ್ಮ್‌ಗಿಂತ ಇದೇ ಮೇಲು. ಒಂದೇ ಸೈಟಿನಿಂದ ಎಲ್ಲಾ ಸೈಟಿನ ಬಗ್ಗೆ ತೀರ್ಪು ಕೊಡಬೇಡಿ, ಅಷ್ಟೇ.

ಕೆಲಸದ ವೇಗ, ಸಮಯ ಪೋಲಾಗುವುದು ಇಂಥದ್ದಕ್ಕೆ ಸೈಟಿನಲ್ಲೇ ನಿಲ್ಲಬೇಕು. ವರ್ಕ್ ಸ್ಯಾಂಪ್ಲಿಂಗ್ ಸುಲಭ: ಮೊದಲೇ ಚೀಟಿ ಎತ್ತಿದ ಹಾಗೆ ಹೊತ್ತು ಗೊತ್ತುಮಾಡಿಕೊಂಡು, ಆ ಹೊತ್ತಿಗೆ ಸರಿಯಾಗಿ ಹೋಗಿ ಪ್ರತಿಯೊಬ್ಬರೂ ಆ ಕ್ಷಣ ಏನು ಮಾಡುತ್ತಿದ್ದಾರೆ ಅಂತ ಗುರುತು ಹಾಕಿ. ಇಟ್ಟಿಗೆ ಇಡುತ್ತಿದ್ದರೆ ನೇರ ಕೆಲಸ, ಗಾರೆ ಹೊತ್ತು ತರುತ್ತಿದ್ದರೆ ಪೂರಕ ಕೆಲಸ, ಸಾಮಾನಿಗೆ ಕಾಯುತ್ತಿದ್ದರೆ ಖಾಲಿ. ಒಂದೇ ದಿನದಲ್ಲಿ ಮುಗಿಸಬೇಡಿ. ಬೆಳಗ್ಗೆ, ಊಟದ ಮುಂಚೆ, ಸಂಜೆ ಎಲ್ಲವೂ ಸಿಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಳತೆಯನ್ನು ಬೇಸಿಗೆಯದಕ್ಕೆ ಹೋಲಿಸುವುದೂ ಬೇಡ. ಯಾರ ಹೆಸರನ್ನೂ ಬರೆದುಕೊಳ್ಳಬೇಡಿ. ನಿಮ್ಮ ಹಾಳೆ ನೋಡಿ ಯಾರದೋ ಕೂಲಿ ಕತ್ತರಿಸಬಾರದು.

ಸಂದರ್ಶನ ಮಾಡುವುದಾದರೆ ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಕಾರ್ಮಿಕರನ್ನು ಮಾತಾಡಿಸಬೇಡಿ, ಸುಮ್ನೆ 'ಎಲ್ಲಾ ಚೆನ್ನಾಗಿದೆ' ಅಂತಾರೆ. ಭಾಷೆಯ ವಿಷಯವನ್ನೂ ಮೊದಲೇ ಯೋಚಿಸಿ. ಬೆಂಗಳೂರಿನ ಸೈಟಿನಲ್ಲಿ ರಾಯಚೂರು, ಯಾದಗಿರಿಯವರು ಇರುತ್ತಾರೆ, ಬಿಹಾರ, ಒಡಿಶಾ, ಬಂಗಾಳದವರೂ ಇರುತ್ತಾರೆ. ದುಭಾಷಿಯಾಗಿ ಕಂಟ್ರಾಕ್ಟರ್ ಕಡೆಯವರನ್ನು ಇಟ್ಟುಕೊಂಡರೆ ಸಂದರ್ಶನ ಕೆಟ್ಟಂತೆ. ಪ್ರಶ್ನೆ ಕೇಳುವ ರೀತಿಯೂ ಮುಖ್ಯ. 'ಕೆಲಸ ಯಾಕೆ ತಡವಾಗುತ್ತದೆ' ಅಂದರೆ ಭಾಷಣ ಬರುತ್ತದೆ. 'ಮೂರನೇ ಸ್ಲ್ಯಾಬ್ ಹಾಕುವ ಹಿಂದಿನ ದಿನ ಏನೇನಾಯಿತು ಹೇಳಿ' ಅಂದರೆ, ಕಂಬಿ ಬಂದಿರಲಿಲ್ಲ, ಸೆಂಟ್ರಿಂಗ್‌ನವರು ಊರಿಗೆ ಹೋಗಿದ್ದರು ಅಂತ ನಡೆದದ್ದು ಹೊರಗೆ ಬರುತ್ತದೆ.

ಎರಡು ವಿಧಾನ ಸೇರಿಸಬಹುದಾ? ಸೇರಿಸಬಹುದು, ಒಂದು ಇನ್ನೊಂದಕ್ಕೆ ಬೇಕಾಗಿದ್ದರೆ ಮಾತ್ರ. ಕೇಸ್ ಸ್ಟಡಿಯಲ್ಲಿ ಸಿಕ್ಕ ಕಾರಣಗಳು ಬೇರೆಯವರಿಗೂ ಅನುಭವಕ್ಕೆ ಬಂದಿವೆಯಾ ಅಂತ ಸಣ್ಣ ಸರ್ವೆಯಲ್ಲಿ ಕೇಳಿದರೆ ಅರ್ಥ ಇದೆ. ಗೈಡ್ ಮೆಚ್ಚಲಿ ಅಂತ ಮೂರು ವಿಧಾನ ಹೆಸರಿಸಿದರೆ ಮೂರೂ ಅರೆಬರೆ ಆಗುತ್ತವೆ, ಅಲ್ವಾ?

ಕೊನೆಗೆ, ಸಿನಾಪ್ಸಿಸ್ (ಥೀಸಿಸ್‌ನಲ್ಲಿ ಏನು ಮಾಡುತ್ತೇವೆ ಅಂತ ಮೊದಲು ಕೊಡುವ ಬರಹ) ಕೊಡುವ ಮೊದಲೇ ಕಂಪನಿಯ ಅನುಮತಿ ಪತ್ರ ಕೈಯಲ್ಲಿರಲಿ. ಯಾವ ರಿಜಿಸ್ಟರ್ ನೋಡಬಹುದು, ಫೋಟೋ ತೆಗೆಯಬಹುದಾ, ಕಂಪನಿಯ ಹೆಸರು ಹಾಕಬಹುದಾ ಅನ್ನುವುದನ್ನು ಅದರಲ್ಲೇ ಬರೆಸಿಕೊಳ್ಳಿ. ಕೊಡುವುದಿಲ್ಲ ಅಂದರೆ ಆಗಲೇ ಸಾರ್ವಜನಿಕ ದಾಖಲೆಗಳ ಕಡೆ ಪ್ರಶ್ನೆಯನ್ನು ಹೊರಳಿಸಿ. ಸೆಮಿಸ್ಟರ್ ಅರ್ಧ ಕಳೆದ ಮೇಲೆ ಹೊರಳಿಸಲು ಹೋದರೆ ಮತ್ತೆ ಗೂಗಲ್ ಫಾರ್ಮ್ ಒಂದೇ ಉಳಿಯುತ್ತದೆ.