ಅಂಟಿಲ್ಲದೆ ಕೂರಿಸಿದ ಗ್ಲಾಸ್: ಹಳೆ ಕಾರಿನ ಕಿಟಕಿ ಕೆಲಸದ ನನ್ನ ಅನುಭವ

ಬಾಗಿಲ ಗ್ಲಾಸಿನ ಬುಡವನ್ನು ಹಿಡಿದಿಡುವ ಉಕ್ಕಿನ ಚಾನೆಲ್ (ಉದ್ದನೆಯ ಗಾಡಿ) ತುಕ್ಕು ಹಿಡಿದರೆ ಹೊಸದು ಹಾಕು, ಸಿಗದಿದ್ದರೆ ಗ್ಲಾಸನ್ನು ಅಂಟು ಹಾಕಿ ಕೂರಿಸು. ಇದೇ ಎಲ್ಲರ ಸಲಹೆ. ನಾನು ಎರಡನ್ನೂ ಮಾಡಲಿಲ್ಲ. ಹಳೆ ಚಾನೆಲ್‌ನಲ್ಲೇ, ಬರೀ ರಬ್ಬರ್ ಪಟ್ಟಿಯ ಬಿಗಿತದಲ್ಲಿ ಕೂರಿಸಿದ ಗ್ಲಾಸುಗಳು ಮಳೆಗಾಲಗಳನ್ನು ದಾಟಿಯೂ ಒಂದು ಕೂದಲಷ್ಟು ಜಾರಿಲ್ಲ. ಆಗದು ಅಂದವರೇ ಈಗ ಪಟ್ಟಿಯ ಅಳತೆ ಕೇಳುತ್ತಿದ್ದಾರೆ.

ಅಂಟು ಯಾಕೆ ಸೋಲುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರೀ ಉಕ್ಕಿಗೆ ಅದು ತಾಗಿದರೆ ಒಳಗೊಳಗೇ ತುಕ್ಕು ಶುರು. ಕೆಲ ತಿಂಗಳಲ್ಲಿ ಸಿಲಿಕೋನ್ ತುಕ್ಕಿನ ಪದರದ ಸಮೇತ ಕಳಚಿ ಬರುತ್ತದೆ. ಎಪಾಕ್ಸಿ ಕಚ್ಚಿ ಹಿಡಿಯುತ್ತದೆ, ಆದರೆ ಅದಕ್ಕೆ ಬಾಗುವ ಗುಣವಿಲ್ಲ. ಬಾಗಿಲು ಬಡಿದ ಪೆಟ್ಟೆಲ್ಲ ಗ್ಲಾಸಿನ ಅಂಚಿಗೇ ಹೋಗಿ ಬಿರುಕು ಬಿಡುತ್ತದೆ. ವಿಂಡ್‌ಶೀಲ್ಡ್‌ಗೆ ಹಾಕುವ ಪಾಲಿಯುರೆಥೇನ್ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಎರಡೂ ಬದಿ ಸಮ ದಪ್ಪ ಬರದೆ ಗ್ಲಾಸ್ ವಾಲುತ್ತದೆ, ಮುಂದೆ ಬಿಚ್ಚಬೇಕಾದರೆ ತಂತಿ ಹಾಕಿ ಕೊಯ್ಯಬೇಕು.

ಚಾನೆಲ್ ಬಿಚ್ಚುವ ಮುಂಚೆ ಗ್ಲಾಸಿನ ಹಿಂದಿನ ಅಂಚಿನಿಂದ ಚಾನೆಲ್‌ನ ತುದಿಗೆ ಎಷ್ಟು ದೂರವಿದೆ ಎಂದು ಬರೆದಿಟ್ಟುಕೊಳ್ಳಿ. ಮೂರ್ನಾಲ್ಕು ಮಿ.ಮೀ. ತಪ್ಪಿದರೂ ಗ್ಲಾಸ್ ಓರೆಯಾಗಿ ಏರಿ ಸಿಕ್ಕಿಕೊಳ್ಳುತ್ತದೆ. ಹಳೆ ಪಟ್ಟಿಯ ಉದ್ದಕ್ಕೂ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಯಲಿ. ಆಮೇಲೆ ಮರದ ತುಂಡಿಟ್ಟು ಎರಡು ತುದಿಗೂ ಒಂದಾದ ಮೇಲೊಂದು ಮೆಲ್ಲಗೆ ತಟ್ಟಿ. ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹತ್ತಿರ ತರಬೇಡಿ. ಟಫನ್ಡ್ ಗ್ಲಾಸಾದರೆ ಅಂಚಿಗೆ ಲೋಹದ ಒಂದು ಪೆಟ್ಟು ಬಿದ್ದರೂ ಇಡೀ ಗ್ಲಾಸ್ ಪುಡಿ.

ತುಕ್ಕಿಗೆ ಸಿಟ್ರಿಕ್ ಆಮ್ಲ ಸಾಕು. ಲೀಟರ್ ನೀರಿಗೆ ಸುಮಾರು 50 ಗ್ರಾಂ, ರಾತ್ರಿಯಿಡೀ. ತೆಗೆದು ಬ್ರಷ್‌ನಲ್ಲಿ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ ಎಪಾಕ್ಸಿ ಪ್ರೈಮರ್ ತೆಳ್ಳಗೆ ಹೊಡೆಯಿರಿ. ಅದೇ ತೊಟ್ಟಿಗೆ ರೆಗ್ಯುಲೇಟರ್‌ನ (ಗ್ಲಾಸನ್ನು ಏರಿಸಿ ಇಳಿಸುವ ಯಂತ್ರದ) ಸುರುಳಿ ಸ್ಪ್ರಿಂಗ್ ಹಾಕಬಾರದು. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಸ್ಪ್ರಿಂಗ್ ಒಂದು ದಿನ ಫಟ್ಟನೆ ಮುರಿಯಬಹುದು. ಕ್ವಾರ್ಟರ್ ಗ್ಲಾಸಿನ (ಬದಿಯ ಚಿಕ್ಕ ಕಿಟಕಿಯ) ಎರಕದ ಫ್ರೇಮ್ ಬಹುಪಾಲು ಸತು ಮಿಶ್ರಲೋಹ. ಅದನ್ನಂತೂ ಆಮ್ಲ ತಿಂದೇ ಹಾಕುತ್ತದೆ.

ಈಗ ಅಳತೆ. ಪ್ರೈಮರ್ ಒಣಗಿದ ಮೇಲೆ ಚಾನೆಲ್‌ನ ಒಳಗಲವನ್ನು ಎರಡು ತುದಿಯಲ್ಲೂ ನಡುವೆಯೂ ಕ್ಯಾಲಿಪರ್‌ನಲ್ಲಿ ನೋಡಿ, ಯಾಕೆಂದರೆ ತುಕ್ಕು ಉಬ್ಬಿ ಬಾಯಿ ಅಗಲವಾಗಿರುತ್ತದೆ. ನನ್ನದರಲ್ಲಿ ಒಳಗಲ 8.2 ಮಿ.ಮೀ. ಹತ್ತಿರ, ಗ್ಲಾಸ್ 5. ಬದಿಗೆ ಉಳಿದದ್ದು 1.6. ಹಾಕಿದ ಪಟ್ಟಿ 1.9ರ ಆಸುಪಾಸು, ಅಂದರೆ ಆರರಲ್ಲಿ ಒಂದು ಪಾಲು ಅದುಮಿಕೊಂಡಿರಬೇಕು. 2.5 ಹಾಕಿದರೆ ಚಾನೆಲ್‌ನ ಬಾಯಿ ತೆರೆದುಕೊಳ್ಳುತ್ತದೆ, ಅದಕ್ಕೆ ಬಡಿಯಲು ಹೋದರೆ ಗ್ಲಾಸ್ ಹೋಯಿತು. ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಪದರ ಮಡಚಿಯೂ ನೋಡಿದೆ. ಪದರದ ಮೇಲೆ ಪದರ ಜಾರುತ್ತದೆ, ನಿಲ್ಲಲಿಲ್ಲ. ಪಟ್ಟಿ ಒಂದೇ ತುಂಡಾಗಿ ಗ್ಲಾಸಿನ ಅಂಚನ್ನು ಸುತ್ತಿ ಬರಬೇಕು.

ಕೂರಿಸುವಾಗ ಜಾರಲು ಸೋಪಿನ ನೀರು, ಎಣ್ಣೆ ಅಲ್ಲ. ಸೋಪು ಒಣಗಿದರೆ ಹಿಡಿತ ಬರುತ್ತದೆ. ಎಣ್ಣೆ ಉಳಿದು ರಬ್ಬರನ್ನು ಮೆತ್ತಗಾಗಿಸುತ್ತದೆ. ಗ್ಲಾಸನ್ನು ದಪ್ಪ ಕಂಬಳಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ನಡುವಿನಿಂದ ತುದಿಯತ್ತ ರಬ್ಬರ್ ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ. ತಟ್ಟಲು ನಾನು ಕೊರೆದುಕೊಂಡ ಮರದ ಅಚ್ಚಿನ ಆಕಾರ ಸದ್ಯಕ್ಕೆ ನನ್ನಲ್ಲೇ ಇರಲಿ. ಎರಡು ದಿನ ಒಣಗಲು ಬಿಡಿ.

ರೆಗ್ಯುಲೇಟರ್ ಬಗ್ಗೆ ಒಂದೇ ಎಚ್ಚರ: ತೋಳು ಬಿಚ್ಚುವ ಮೊದಲು ಹಲ್ಲಿನ ಫಲಕವನ್ನು ತಳದ ತಟ್ಟೆಗೆ ಬೋಲ್ಟ್ ಹಾಕಿ ಕಟ್ಟಿ, ಇಲ್ಲವಾದರೆ ಸ್ಪ್ರಿಂಗ್ ಬೆರಳು ಮುರಿಯುತ್ತದೆ. ಸವೆದ ರೋಲರ್ ಬದಲು ನೈಲಾನ್ ಸರಳಿನಿಂದ ಲೇತ್‌ನಲ್ಲಿ ಕಡೆಸಿದವು ಸದ್ದಿಲ್ಲದೆ ಓಡುತ್ತಿವೆ. ದುಡ್ಡಿನ ಲೆಕ್ಕದಲ್ಲಿ, ಒಂದು ಹೊಸ ರೆಗ್ಯುಲೇಟರ್‌ಗೆ ಬೀಳುವ ದುಡ್ಡಿನಲ್ಲಿ ನಾಲ್ಕೂ ಬಾಗಿಲ ಪಟ್ಟಿ, ಪ್ರೈಮರ್, ರೋಲರ್ ಎಲ್ಲ ಮುಗಿದು ಸ್ವಲ್ಪ ಉಳಿಯಿತು. ದುಡ್ಡು ಹೀರಿದ್ದು ಕ್ವಾರ್ಟರ್ ಗ್ಲಾಸಿನ ಕ್ರೋಮ್ ಒಂದೇ. ಸತುವಿನ ಗುಳಿಗಳನ್ನು ಕೊರೆದು ತುಂಬಿ, ತಾಮ್ರ ಏರಿಸಿ, ಉಜ್ಜಿ, ಆಮೇಲೆ ನಿಕಲ್, ಕ್ರೋಮ್. ಉಳಿದೆಲ್ಲ ಖರ್ಚನ್ನೂ ಅದು ಮೀರಿಸಿತು. ಆದರೆ ಅಲ್ಲಿ ಅಡ್ಡದಾರಿಯಿಲ್ಲ.

ನಡುವೆ ಗ್ಲಾಸ್ ಪಾಲಿಶ್ ಮಾಡುವ ಪುಡಿ ಸೀರಿಯಂ ಆಕ್ಸೈಡ್ ಹಿಡಿದು ಗ್ಲಾಸಿನ ಗೀರುಗಳನ್ನೂ ಉಜ್ಜಿ ನೋಡಿದೆ. ಉಗುರಿಗೆ ಸಿಗದ ಗೀರು ಹೋಗುತ್ತದೆ. ಉಗುರಿಗೆ ಸಿಗುವುದನ್ನು ಬೆನ್ನಟ್ಟಿದರೆ ಗ್ಲಾಸಿನಲ್ಲಿ ತಗ್ಗು ಬಿದ್ದು ಹೊರಗಿನ ನೋಟವೇ ಅಲುಗುತ್ತದೆ.

ಗ್ಲಾಸ್ ಏರಿಳಿಯುವ ದಾರಿಯ ಫೆಲ್ಟ್ (ಉಣ್ಣೆಯಂಥ ಬಟ್ಟೆ) ಚಾನೆಲ್‌ಗೆ ಗ್ರೀಸ್ ಬೇಡ, ಧೂಳು ಕೂತು ಎಮರಿ ಪೇಪರ್ ಆಗುತ್ತದೆ. ಒಣ ಸಿಲಿಕೋನ್ ಸ್ಪ್ರೇ ಸಾಕು. ಕೊನೆಗೆ ಬೋಲ್ಟುಗಳನ್ನು ಸಡಿಲ ಬಿಟ್ಟು ಗ್ಲಾಸನ್ನು ಪೂರ್ತಿ ಮೇಲೇರಿಸಿ, ಅದು ತಾನೇ ದಾರಿ ಹಿಡಿದ ಮೇಲೆ ಬಿಗಿ ಮಾಡಿ. ಬಾಗಿಲ ಒಳಗಿನ ಹೊದಿಕೆ (ಟ್ರಿಮ್) ಮುಚ್ಚುವ ಮುನ್ನ ಬಾಗಿಲ ತಳದ ನೀರಿನ ತೂತುಗಳಿಗೆ ತಂತಿ ಆಡಿಸಿ. ನೀರು ಒಳಗೆ ಬಂದೇ ಬರುತ್ತದೆ, ನಿಂತರೆ ಇದೇ ಚಾನೆಲ್ ಮತ್ತೆ ತುಕ್ಕು ಹಿಡಿಯುತ್ತದೆ.