ಮನೆ ಆಮೇಲೆ, ಮೊದಲು ಬೀದಿ ನೋಡಿ

ನಮ್ಮ ಮೊದಲ ಬಾಡಿಗೆ ಮನೆಯ ಅಡುಗೆಮನೆ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಆದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೆ ಕಾರು ತೆಗೆಯಬೇಕಿತ್ತು.

2023ರಲ್ಲಿ ನಮ್ಮವರಿಗೆ ಹಾಸನದಿಂದ ಬೆಂಗಳೂರಿಗೆ ವರ್ಗವಾಯಿತು. ಆಫೀಸು ಮೆಜೆಸ್ಟಿಕ್ ಹತ್ತಿರ. ಆಗ ಅವರಿಗೆ 55, ನನಗೆ 51. ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಇರುವವರು ಇಬ್ಬರೇ ಅಲ್ವಾ, ಇನ್ನಾದರೂ ಸ್ವಲ್ಪ ಚೆನ್ನಾಗಿ ಇರೋಣ ಎಂದುಕೊಂಡು ಕನಕಪುರ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ, ಏಳನೇ ಮಹಡಿಯಲ್ಲಿ ಮೂರು ಬೆಡ್‌ರೂಮಿನ ಮನೆ ಹಿಡಿದೆವು. ಈಜುಕೊಳ, ಜಿಮ್ಮು ಎಲ್ಲ ಇತ್ತು. ಒಂದು ವರ್ಷದಲ್ಲಿ ನಾನು ಈಜುಕೊಳದ ಕಡೆ ತಲೆ ಹಾಕಲಿಲ್ಲ, ಅವರು ಜಿಮ್ಮಿನ ಬಾಗಿಲು ತೆಗೆಯಲಿಲ್ಲ. ಮೂರನೇ ಬೆಡ್‌ರೂಮಿನಲ್ಲಿ ಬಟ್ಟೆ ಒಣಗುತ್ತಿತ್ತು.

ಎರಡನೇ ಸಲ ಹುಡುಕುವಾಗ ಬುದ್ಧಿ ಬಂದಿತ್ತು. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಏರಿಯಾ ಹೇಗೆ ಆರಿಸುವುದು ಎಂದು ನಮ್ಮ ವಯಸ್ಸಿನ ಮೂರು ಜೋಡಿಗಳು ಈಚೆಗೆ ಕೇಳಿದರು, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ವಾರ ಚೀಟಿ ಬರೆಯಿರಿ

ಏರಿಯಾ ಹುಡುಕುವ ಮುಂಚೆ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ. ಇಬ್ಬರಲ್ಲಿ ಯಾರೇ ಮನೆಯಿಂದ ಹೊರಗೆ ಹೋದರೂ ಎಲ್ಲಿಗೆ, ಯಾಕೆ, ಹೇಗೆ ಹೋದಿರಿ ಎಂದು ಬರೆಯಿರಿ. ನಮ್ಮ ಹಾಳೆಯಲ್ಲಿ ಆ ವಾರ 26 ಸಾಲು ಬಂತು. ಆಫೀಸು, ಸೊಪ್ಪು, ಬಿಪಿ ಮಾತ್ರೆ, ಬ್ಲೌಸ್ ಹೊಲಿಸೋದು, ಗುರುವಾರದ ದೇವಸ್ಥಾನ, ಕಾಫಿ ಪುಡಿ, ಮಂಡಿ ಡಾಕ್ಟರು, ಸುಮ್ನೆ ಒಂದು ಸುತ್ತು. ಇದರಲ್ಲಿ 21 ಸಲ ಕಾರು ಇಲ್ಲವೇ ಆಟೋ. ಮಾಲ್ ಎಂಬ ಪದ ಒಂದು ಸಲವೂ ಇರಲಿಲ್ಲ. ಅದೇ ನಾವು ಮೊದಲ ಮನೆ ಒಪ್ಪಿಕೊಳ್ಳುವಾಗ ಬ್ರೋಕರ್ ಹತ್ತು ಸಲ ಹೇಳಿದ್ದು, 'ಸರ್, ಮಾಲ್ ಪಕ್ಕದಲ್ಲೇ' ಎಂದು.

ಈ ಹಾಳೆಯೇ ನಿಮ್ಮ ಮ್ಯಾಪು. ಪದೇ ಪದೇ ಬರುವ ಸಾಲುಗಳಿಗೆ ನಡೆದೇ ಹೋಗುವಂತಿರಬೇಕು. ತಿಂಗಳಿಗೊಮ್ಮೆ ಬರುವುದಕ್ಕೆ ಆಟೋ ಹಿಡಿದರಾಯಿತು. ನಮ್ಮ ವಯಸ್ಸಿಗೆ ಇದು ಯಾಕೆ ಮುಖ್ಯ ಅಂದರೆ, ಕಾರು ಓಡಿಸುವ ಉತ್ಸಾಹ ವರ್ಷ ವರ್ಷ ಇಳಿಯುತ್ತದೆ. ನಮ್ಮವರಿಗೆ ಈಗಲೇ ರಾತ್ರಿ ಎದುರಿನ ಗಾಡಿ ಲೈಟು ಕಣ್ಣಿಗೆ ಕುಕ್ಕುತ್ತದೆ.

ಗೆರೆ ಎಳೆದು ಏರಿಯಾ ಕಡಿಮೆ ಮಾಡಿ

ಇಬ್ಬರಲ್ಲಿ ದಿನಾ ಕೆಲಸಕ್ಕೆ ಹೋಗುವವರು ಯಾರೋ ಅವರ ಮೆಟ್ರೋ ಗೆರೆ ಹಿಡಿಯಿರಿ. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಎರಡೂ ಸೇರುವುದರಿಂದ ನಮಗೆ ಆಯ್ಕೆ ಜಾಸ್ತಿ ಇತ್ತು. ಹಸಿರು ಗೆರೆಯಲ್ಲಿ ಮಲ್ಲೇಶ್ವರ, ರಾಜಾಜಿನಗರ, ಬಸವನಗುಡಿ, ಜಯನಗರ, ಬನಶಂಕರಿ. ನೇರಳೆಯಲ್ಲಿ ವಿಜಯನಗರ, ಆ ಕಡೆ ಕೆಂಗೇರಿ. ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಇರುವವರಿಗೆ 2025ರ ಆಗಸ್ಟಿನಿಂದ ಹಳದಿ ಗೆರೆಯೂ ಇದೆ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಹಾಗಾಗಿ ಹಳೇ ಜಯನಗರದಲ್ಲಿದ್ದುಕೊಂಡೇ ಅಲ್ಲಿಗೆ ಹೋಗಿ ಬರಬಹುದು.

'ಮೆಟ್ರೋ ಹತ್ತಿರ' ಎಂದು ಜಾಹೀರಾತಿನಲ್ಲಿದ್ದರೆ ನಂಬಬೇಡಿ. ನೀವೇ ನಡೆದು ನೋಡಿ. ಅದೂ ಸಂಜೆ ಏಳಕ್ಕೆ, ಬೀದಿ ದೀಪ ಎಲ್ಲೆಲ್ಲಿ ಇಲ್ಲ ಎಂದು ಆಗ ಗೊತ್ತಾಗುತ್ತದೆ. ಫುಟ್‌ಪಾತಿನ ಕಲ್ಲು ಅಲ್ಲಾಡುತ್ತದೆಯೋ ಎಂದೂ.

ಮಲ್ಲೇಶ್ವರ ನನಗೆ ತುಂಬ ಇಷ್ಟ. ಎಂಟನೇ ಕ್ರಾಸಿನ ಮಾರ್ಕೆಟ್ಟು, ಸ್ಯಾಂಕಿ ಕೆರೆ ದಂಡೆ, ಇನ್ನೇನು ಬೇಕು? ಆದರೆ ನಮ್ಮ 28,000 ಬಜೆಟ್ಟಿಗೆ ಅಲ್ಲಿ ಸಿಕ್ಕಿದ್ದು ಲಿಫ್ಟಿಲ್ಲದ ಎರಡನೇ ಮಹಡಿ, ಕಡಿದಾದ ಮೆಟ್ಟಿಲು. ವಿಜಯನಗರದಲ್ಲಿ ಮನೆ ಚೆನ್ನಾಗಿತ್ತು, ಎದುರಿಗೆ ಕಲ್ಯಾಣ ಮಂಟಪ. ಮದುವೆ ಸೀಸನ್ನಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಪಾತ್ರೆ ಸದ್ದು ಶುರುವಾಗುತ್ತದೆ ಎಂದು ಪಕ್ಕದ ಮನೆಯವರೇ ಹೇಳಿದರು. ಪುಣ್ಯಾತ್ಮರು.

ಹನುಮಂತನಗರದ್ದು ಬೇರೆ ಕಥೆ. ಗಾಳಿ ಬೆಳಕಿನ ಮನೆ, ಓನರೂ ಒಳ್ಳೆಯವರು, ಹತ್ತಿರದಲ್ಲೇ ರಾಮಾಂಜನೇಯ ಗುಡ್ಡ. ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆವು. ಅಡ್ವಾನ್ಸ್ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಕೆಳಗಿನ ಅಂಗಡಿಯಲ್ಲಿ ಎರಡು ತೆಂಗಿನಕಾಯಿ, ಎರಡು ಕೆಜಿ ಈರುಳ್ಳಿ, ಒಂದು ಲೀಟರ್ ಎಣ್ಣೆ ತಗೊಂಡು ಆ ಮನೆಯವರೆಗೆ ಹತ್ತಿದೆ. ಗುಡ್ಡ ಇದೆ ಅಂದ ಮೇಲೆ ರಸ್ತೆಗೂ ಏರು ಇರುತ್ತದೆ, ಅಲ್ವಾ? ಅರ್ಧಕ್ಕೆ ಯಾರದೋ ಗೇಟು ಹಿಡಿದು ನಿಂತೆ. ನಮ್ಮವರು ಹಿಂದಿನಿಂದ 'ದಿನಾ ವ್ಯಾಯಾಮ ಆಗುತ್ತೆ ಬಿಡು' ಅಂದರು. ಅವರ ಕೈಗೆ ಚೀಲ ಕೊಟ್ಟೆ. ಮನೆ ತಲುಪುವಷ್ಟರಲ್ಲಿ ಅವರೂ ಬೇಡ ಅಂದರು.

ನೀವೂ ಮಾಡಿ ಇದನ್ನು. ಬರಿಗೈಯಲ್ಲಿ ನಡೆದರೆ ಬೆಂಗಳೂರಿನ ಏರು ಗೊತ್ತೇ ಆಗುವುದಿಲ್ಲ.

ಸಂಪಿನ ಮುಚ್ಚಳ ತೆಗೆಸಿ

ನೀರಿನ ವಿಷಯದಲ್ಲಿ ಮಾತ್ರ ಸಂಕೋಚ ಬಿಡಿ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್‌ಗಳು ಬತ್ತಿದವು. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಉಳಿದ ಹೊತ್ತು ಏಳನೇ ಮಹಡಿಯಲ್ಲಿ ಕೂತು ಟ್ಯಾಂಕರ್ ಬಂತಾ ಎಂದು ಬಗ್ಗಿ ನೋಡುವುದೇ ಕೆಲಸ. ಹಾಸನದಲ್ಲಿ ಬಾವಿ ಇಟ್ಟುಕೊಂಡು ಬದುಕಿದವಳು ನಾನು. ಕಣ್ಣಲ್ಲಿ ನೀರು ಬಂದದ್ದಂತೂ ನಿಜ, ನಲ್ಲಿಯಲ್ಲಿ ಬರಲಿಲ್ಲ.

ಬೆಂಗಳೂರಿನ ಕಾವೇರಿ ನೀರು ನೂರು ಕಿಲೋಮೀಟರ್ ಆಸುಪಾಸಿನಿಂದ ಪಂಪಾಗಿ ಬರಬೇಕು. ಹಳೇ ಬಡಾವಣೆಗಳಲ್ಲೂ ಸಾಮಾನ್ಯವಾಗಿ ದಿನ ಬಿಟ್ಟು ದಿನವೇ ಬಿಡುವುದು. ಹೊರವಲಯದ 110 ಹಳ್ಳಿಗಳಿಗೆ ಎಂದು ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೆ ಬೀದಿಗೆ ಪೈಪು ಬಂದಿರುವುದು ಬೇರೆ, ನಿಮ್ಮ ಕಟ್ಟಡಕ್ಕೆ ಕನೆಕ್ಷನ್ ಇರುವುದು ಬೇರೆ. 'ಕಾವೇರಿ ಇದೆ' ಅಂದರೆ ಮೀಟರ್ ಎಲ್ಲಿದೆ ತೋರಿಸಿ ಅನ್ನಿ. ಕಳೆದ ತಿಂಗಳ ಬಿಲ್ಲು ಕೇಳಿ.

ಈಗಿರುವ ಮನೆ ನೋಡಲು ಹೋದಾಗ ಓನರ್ ಅಜ್ಜಿಗೆ 'ಸಂಪು ತೆಗೆದು ತೋರಿಸ್ತೀರಾ' ಎಂದು ಕೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನಮ್ಮವರು ಗಿಡ ನೋಡುವವರ ಹಾಗೆ ಅತ್ತ ತಿರುಗಿಕೊಂಡರು. ಅಜ್ಜಿ ಒಳಗಿನಿಂದ ಕಬ್ಬಿಣದ ಸಲಾಕೆ ತಂದರು, ಇಬ್ಬರೂ ಸೇರಿ ಮುಚ್ಚಳ ಎತ್ತಿದೆವು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಗೋಡೆ ಮೇಲೆ, ಬಾಯಿಯಿಂದ ಒಂದು ಮೊಳ ಕೆಳಗೆ, ಕಂದು ಗೆರೆ. ನೀರು ಸಾಮಾನ್ಯವಾಗಿ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಆ ಗೆರೆಯೇ ಹೇಳುತ್ತದೆ. ಯಾವ ಬ್ರೋಕರನ್ನೂ ಕೇಳಬೇಕಾಗಿಲ್ಲ. ಗೆರೆ ತಳದ ಹತ್ತಿರ ಇದ್ದರೆ ಟ್ಯಾಂಕರಿನವನ ನಂಬರ್ ಈಗಲೇ ಬರೆದುಕೊಳ್ಳಿ.

ಒಳಗೆ ಹೋದ ಮೇಲೆ ಬಚ್ಚಲಿನ ನಲ್ಲಿಯ ಬುಡ, ಬಕೆಟ್ಟಿನ ಅಂಚು ನೋಡಿ. ಬಿಳಿ ಪೊರೆ ದಪ್ಪಗಿದ್ದರೆ ಬೋರ್ ನೀರು, ಗಡಸು. ಅಡುಗೆಮನೆಯಲ್ಲಿ ಎರಡು ನಲ್ಲಿ ಇದ್ದು ಒಂದಕ್ಕೆ ಕಾವೇರಿ ಬಂದರೆ ಪರವಾಗಿಲ್ಲ, ಬೇಳೆ ಬೇಯುತ್ತದೆ.

ಕರೆಂಟಿಗೆ ನಿಮ್ಮ ಮನೆಗೇ ಪ್ರತ್ಯೇಕ ಆರ್‌ಆರ್ ನಂಬರಿನ ಮೀಟರ್ ಇದೆಯೇ ಕೇಳಿ. ಅದಿಲ್ಲದಿದ್ದರೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಸಿಗುವುದು ಕಷ್ಟ, ಸಬ್‌ಮೀಟರ್ ಲೆಕ್ಕಕ್ಕೆ ಪ್ರತಿ ತಿಂಗಳು ಓನರ್ ಜೊತೆ ಮಾತುಕತೆ. ಇನ್ನು ಮಳೆ. ಜೋರು ಮಳೆ ಬಿದ್ದ ಸಂಜೆಯೇ ಛತ್ರಿ ಹಿಡಿದು ಆ ಬೀದಿಗೆ ಹೋಗಿ. ಅಷ್ಟು ಸಾಕು.

ಸಂಜೆ ಎಲ್ಲಿ ಕೂರುತ್ತೀರಿ?

ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಚಿಕ್ಕ ಮಕ್ಕಳಿದ್ದಾಗ ಹೊಸ ಊರಿನಲ್ಲಿ ಪರಿಚಯ ತಾನಾಗಿಯೇ ಆಗುತ್ತದೆ. ಶಾಲೆ ಗೇಟಿನ ಹತ್ತಿರ ಹತ್ತು ನಿಮಿಷ ನಿಂತರೆ ಇಬ್ಬರು ಗೆಳತಿಯರು. ಐವತ್ತಾದ ಮೇಲೆ ಹಾಗಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿಗೆ ಬಂದವರೆಲ್ಲ ಮೊಬೈಲ್ ನೋಡುತ್ತಿದ್ದರು. ನಮ್ಮವರು ಮನೆಗೆ ಬರುವಾಗ ರಾತ್ರಿ ಎಂಟೂವರೆ. ಕೆಲವು ದಿನ ಸೆಕ್ಯುರಿಟಿಯವರ ಜೊತೆ ಬಿಟ್ಟರೆ ನಾನು ಬೇರೆ ಯಾರ ಹತ್ತಿರವೂ ಮಾತಾಡಿರುತ್ತಿರಲಿಲ್ಲ.

ಆದ್ದರಿಂದ ಮನೆ ನೋಡುವ ಮುಂಚೆ ಒಂದು ಮಂಗಳವಾರವೋ ಬುಧವಾರವೋ ಆ ಏರಿಯಾದಲ್ಲಿ ಪೂರ್ತಿ ದಿನ ಕಳೆಯಿರಿ. ಭಾನುವಾರ ಬೇಡ, ಭಾನುವಾರ ಎಲ್ಲ ಏರಿಯಾವೂ ಚೆನ್ನಾಗಿಯೇ ಕಾಣುತ್ತದೆ. ಬೆಳಗ್ಗೆ ಅಲ್ಲೇ ತಿಂಡಿ ತಿನ್ನಿ. ಮೆಡಿಕಲ್ ಶಾಪಿನಲ್ಲಿ ನಿಮ್ಮ ಮಾತ್ರೆ ಸಿಗುತ್ತದೆಯೇ ನೋಡಿ. ರಾತ್ರಿ ಎರಡಕ್ಕೆ ಎದೆ ಹಿಡಿದುಕೊಂಡರೆ ಎಲ್ಲಿಗೆ ಹೋಗುವುದು, ಎಷ್ಟು ನಿಮಿಷ, ಎಂದು ದಾರಿ ನೋಡಿಟ್ಟುಕೊಳ್ಳಿ. ನಮಗೆ ಆ ಹಳೇ ಮನೆಯಲ್ಲಿ ಒಂದು ರಾತ್ರಿ ಹಾಗಾಗಿ, ಕೊನೆಗೆ ಅದು ಬರೀ ಗ್ಯಾಸು ಎಂದಾಯಿತು. ಆದರೆ ಆಟೋ ಸಿಗದ ಆ ನಲವತ್ತು ನಿಮಿಷ ನಾನು ಮರೆತಿಲ್ಲ. ಸಂಜೆ ಐದರಿಂದ ಏಳು ಪಾರ್ಕಿನ ಬೆಂಚಿನಲ್ಲಿ ಕೂತು ನೋಡಿ, ನಿಮ್ಮ ವಯಸ್ಸಿನವರು ಎಷ್ಟು ಜನ ಬರುತ್ತಾರೆ ಎಂದು.

ನಾವು ಹಾಗೆ ಒಂದು ಬುಧವಾರ ಎನ್.ಆರ್. ಕಾಲೊನಿ, ತ್ಯಾಗರಾಜನಗರ ಸುತ್ತಿದೆವು. ಮಧ್ಯಾಹ್ನ ಬಿಸಿಲಿಗೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಒಳಗೆ ಹೋದೆವು. ಡಿವಿಜಿಯವರು 1945ರಲ್ಲಿ ಕಟ್ಟಿದ್ದು. ಪುಸ್ತಕದ ಕಪಾಟು ನೋಡಿದ ಮೇಲೆ ನಮ್ಮವರು ಅಲ್ಲಿಂದ ಹೊರಡಲು ಒಪ್ಪಲಿಲ್ಲ. ನನಗೆ ಇಷ್ಟವಾಗಿದ್ದು ಕಾಫಿ ಪುಡಿ ಅಂಗಡಿ. ಚಿಕೋರಿ ಎಷ್ಟು ಎಂದು ಕೇಳಿ ಕಣ್ಣೆದುರೇ ಪುಡಿ ಮಾಡಿಕೊಟ್ಟರು, ಪೊಟ್ಟಣ ಕೈಯಲ್ಲಿ ಬೆಚ್ಚಗಿತ್ತು. ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಸೌತ್ ಎಂಡ್ ಸರ್ಕಲ್ ಮೆಟ್ರೋಗೆ ನಡೆದುಕೊಂಡೇ ಹೋಗಬಹುದು, ಅಲ್ಲಿಂದ ಐದನೇ ಸ್ಟಾಪು ಮೆಜೆಸ್ಟಿಕ್.

ತೊಂದರೆಯೇ ಇಲ್ಲ ಅಂತಲ್ಲ. ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ ಹೊತ್ತಿಗೆ ಬುಲ್ ಟೆಂಪಲ್ ರಸ್ತೆ ಕಡೆ ಗಾಡಿ ತೆಗೆಯುವ ಮಾತೇ ಇಲ್ಲ. ನಾವು ಆ ದಿನಗಳಲ್ಲಿ ಕಡಲೆಕಾಯಿ ತಿಂದುಕೊಂಡು ಇರುತ್ತೇವೆ.

ಮನೆ ಹಿಡಿಯುವುದು, ಚೌಕಾಶಿ

ಹಳೇ ಏರಿಯಾಗಳಲ್ಲಿ ಒಳ್ಳೆಯ ಮನೆಗಳು ಆ್ಯಪಿಗೆ ಬರುವ ಮುಂಚೆಯೇ ಹೋಗುತ್ತವೆ. ಗೇಟಿನ ಟು-ಲೆಟ್ ಬೋರ್ಡು ನೋಡಿಕೊಂಡು ನಡೆಯಿರಿ, ಅದಕ್ಕಿಂತ ಮೇಲು ಇಸ್ತ್ರಿ ಗಾಡಿಯವರನ್ನು ಕೇಳುವುದು. ಯಾರ ಮನೆ ಯಾವಾಗ ಖಾಲಿ, ಯಾವ ಓನರ್ ಜಗಳಗಂಟ, ಎಲ್ಲ ಅವರಿಗೆ ಗೊತ್ತು. ನಮ್ಮ ಮನೆ ಸಿಕ್ಕಿದ್ದೂ ಹಾಗೇ. ಒಂದು ತಿಂಗಳ ಬಾಡಿಗೆಯಷ್ಟು ಬ್ರೋಕರ್ ಫೀಸು ಉಳಿಯಿತು.

ಆಷಾಢದಲ್ಲಿ ಹುಡುಕಿ. ಆ ತಿಂಗಳು ಹೊಸ ಮನೆಗೆ ಹಾಲುಕ್ಕಿಸಲು ಜನ ಹಿಂದೇಟು ಹಾಕುತ್ತಾರೆ, ಮನೆ ಖಾಲಿ ಬಿದ್ದಿರುತ್ತದೆ, ಓನರ್ ಮೆತ್ತಗಾಗಿರುತ್ತಾರೆ. ಆಷಾಢದಲ್ಲಿ ಮಾತಾಡಿ ಟೋಕನ್ ಕೊಟ್ಟು ಶ್ರಾವಣಕ್ಕೆ ಹೋದರಾಯಿತು. ಜೊತೆಗೆ ನಮ್ಮ ವಯಸ್ಸೇ ನಮಗೆ ಬಲ. ಪಾರ್ಟಿ ಇಲ್ಲ, ಗದ್ದಲ ಇಲ್ಲ, ಬಾಡಿಗೆ ತಪ್ಪುವುದಿಲ್ಲ ಎಂದು ಓನರ್‌ಗಳಿಗೆ ಧೈರ್ಯ. ಬೆಂಗಳೂರಿನ ಹಳೇ ರೂಢಿಯ ಹಾಗೆ ಅಜ್ಜಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರು. ಬಾಡಿಗೆ 27,000, ಅಂದರೆ 2,70,000. ಮಾತಾಡಿ 1,50,000ಕ್ಕೆ ಇಳಿಸಿದೆವು. ಬಾಡಿಗೆಯಲ್ಲಿ ಮಾತ್ರ ಒಂದು ರೂಪಾಯಿ ಬಿಡಲಿಲ್ಲ, ಗಟ್ಟಿ ಹೆಂಗಸು.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ 11. ನವೀಕರಿಸುವಾಗ ಎಷ್ಟು ಏರಿಸುತ್ತಾರೆ, ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ಎರಡನ್ನೂ ಬರೆಸಿಕೊಳ್ಳಿ. ನಮ್ಮ ಮೊದಲ ಮನೆಯಲ್ಲಿ ಬಾಯಿಮಾತಿಗೆ ಬಿಟ್ಟು ಒಂದೂವರೆ ತಿಂಗಳ ಬಾಡಿಗೆ ಕಳೆದುಕೊಂಡೆವು. ಮೊಳೆ ಹೊಡೆದದ್ದು ಎರಡೇ.

ಇನ್ನು ಎಷ್ಟು ಬೆಡ್‌ರೂಮು ಎಂಬ ಪ್ರಶ್ನೆ. ಮಕ್ಕಳು ಬಂದರೆ ಬೇಕಾಗುತ್ತದೆ ಎಂದು ನಮ್ಮ ವಯಸ್ಸಿನವರೆಲ್ಲ ಒಂದು ರೂಮು ಜಾಸ್ತಿ ಹಿಡಿಯುತ್ತೇವೆ. ಎಷ್ಟು ದಿನ ಬರುತ್ತಾರೆ ಲೆಕ್ಕ ಹಾಕಿ. ನಮ್ಮ ಮಗಳು ಮೊದಲ ವರ್ಷ ಬಂದಿದ್ದು ಒಟ್ಟು ಒಂಬತ್ತು ದಿನ. ಈಗ ಎರಡೇ ರೂಮು, ಅದರಲ್ಲಿ ಒಂದರ ತುಂಬ ಅವರ ಪುಸ್ತಕ, ನನ್ನ ಹೊಲಿಗೆ ಮಿಷನ್. ಹೋದ ದೀಪಾವಳಿಗೆ ಅವಳು ಬಂದಾಗ ಹಾಲಿನಲ್ಲಿ ಹಾಸಿಗೆ ಹಾಸಿದೆವು. ಬೆಳಗ್ಗೆ ಎದ್ದವಳೇ ಚಪ್ಪಲಿ ಹಾಕಿಕೊಂಡು ಒಬ್ಬಳೇ ಹೋಗಿ ಇಡ್ಲಿ ಕಟ್ಟಿಸಿಕೊಂಡು ಬಂದಳು, ನಡೆದೇ.